ಪರ್ಸೆಂಟಿನ ಭಯ ಬಿಡು

ಪ್ರೀತಿಯ ಪುಟ್ಟಿ,

ನಾನಿಲ್ಲಿ ಆರಾಮ, ಅಪ್ಪ ಅಮ್ಮನಿಗೆ ಹೇಳಿಬಿಡು. ಪ್ರಾಜೆಕ್ಟ್ ರಿಪೋರ್ಟನ್ನು ಕಾಪಿ ಇದೆಯಾ ಅಂತ ನೋಡಲು ಬಳಸುವ ಟರ್ನಿಟಿನ್ ಸಾಫ್ಟ್‌ವೇರ್‌ಗೆ ಹಾಕಿದರೆ ಎಷ್ಟು ಪರ್ಸೆಂಟ್ ಹೋಲಿಕೆ ಬರುತ್ತೋ ಅಂತ ಹೆದರಿಕೊಂಡಿದ್ದೀಯಲ್ಲ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ನಿನ್ನ ಸಾಲುಗಳು ಬೇರೆ ಎಲ್ಲೆಲ್ಲಿ ಇವೆ ಅಂತ ತೋರಿಸುವುದಷ್ಟೇ ಆ ಸಾಫ್ಟ್‌ವೇರ್ ಕೆಲಸ. ಕೋಟ್ ಹಾಕಿ ಕೊಟ್ಟ ಮಾತು, ಕೊನೆಯ ರೆಫರೆನ್ಸ್ ಪಟ್ಟಿ ಕೂಡ ಲೆಕ್ಕಕ್ಕೆ ಸೇರಬಹುದು. 20 ಪರ್ಸೆಂಟ್ ಬಂದರೂ ತಪ್ಪಿಲ್ಲದಿರಬಹುದು. ಸೊನ್ನೆ ಬಂದರೂ ಇಡೀ ವಾದ ಇನ್ನೊಬ್ಬರದ್ದೇ ಆಗಿರಬಹುದು.

ಪದ ಬದಲಾಯಿಸಿದರೆ ಸಾಕಲ್ವಾ ಅಂತ ಕೇಳಿದ್ದೀಯ. ಸಾಲದು. ಮೂಲದಲ್ಲಿ ಹೀಗಿದೆ ಅಂದುಕೋ: ‘ಮರಗಳು ಹೆಚ್ಚಿರುವ ಬೀದಿಗಳಲ್ಲಿ ಮಧ್ಯಾಹ್ನದ ಬಿಸಿ ಕಡಿಮೆ.’ ನೀನು ‘ವೃಕ್ಷಗಳು ಜಾಸ್ತಿ ಇರುವ ರಸ್ತೆಗಳಲ್ಲಿ ಮಧ್ಯಾಹ್ನದ ತಾಪ ಕಮ್ಮಿ’ ಅಂತ ಬರೆದರೆ ವಾಕ್ಯದ ಮೂಳೆ ಹಾಗೇ ಉಳಿಯಿತು. ಓದು, ಆ ಪುಟ ಮುಚ್ಚು, ಆಮೇಲೆ ನಿನಗೆ ತಿಳಿದದ್ದನ್ನು ಬರಿ: ‘ಮರದ ನೆರಳಿರುವ ಬೀದಿಯಲ್ಲಿ ನಡುಹಗಲಿನ ಸೆಕೆ ಅಷ್ಟು ಕಾಡುವುದಿಲ್ಲ.’ ಆಗಲೂ ಲೇಖಕರ ಹೆಸರು, ವರ್ಷ ಕೊಡಲೇಬೇಕು. ಮಾತು ನಿನ್ನದಾದರೂ ಕಂಡುಕೊಂಡವರು ಅವರು ತಾನೇ?

ನೀರು ಆವಿಯಾಗುತ್ತದೆ ಎನ್ನುವಂಥ ಎಲ್ಲರಿಗೂ ಗೊತ್ತಿರುವ ವಿಷಯಕ್ಕೆ ಮೂಲ ಬೇಡ.

ರೆಫರೆನ್ಸ್ ಕೊಡುವ ಶೈಲಿ ಎಪಿಎ 7ನೇ ಆವೃತ್ತಿ ಅಂದಿದ್ದೀಯ. ಅದರಲ್ಲಿ ನೇರವಾಗಿ ಎತ್ತಿಕೊಂಡ ಮಾತಿಗೆ ಪುಟ ಸಂಖ್ಯೆಯೂ ಬೇಕು. 40 ಪದ ಅಥವಾ ಹೆಚ್ಚಿದ್ದರೆ ಕೋಟ್ ಚಿಹ್ನೆ ತೆಗೆದು, ಒಳಗೆ ಸರಿಸಿ ಬೇರೆ ಪ್ಯಾರಾ ಮಾಡಬೇಕು. ಇದೆಲ್ಲ ನೋಡಿಕೊಂಡು ಮಾಡುವ ಕೆಲಸ, ಬಾಯಿಪಾಠ ಮಾಡಬೇಡ.

ನನ್ನ ಪ್ರಕಾರ ನಿಜವಾದ ತೊಂದರೆ ಶುರುವಾಗುವುದು ನೋಟ್ಸ್‌ನಲ್ಲಿ. ಕಾಪಿ ಮಾಡಿದ ಸಾಲಿಗೆ ಆಗಲೇ ಕೋಟ್ ಹಾಕಿ ಪುಟ ಸಂಖ್ಯೆ ಬರೆಯದಿದ್ದರೆ, ಎರಡು ತಿಂಗಳಾದ ಮೇಲೆ ಅದು ನಿನ್ನದೇ ಸಾಲು ಅನ್ನಿಸಿಬಿಡುತ್ತದೆ. ರೆಫರೆನ್ಸ್‌ಗಳನ್ನು ಜೋಡಿಸಿಡುವ ಝೋಟೆರೋ ಸಾಫ್ಟ್‌ವೇರ್ ಉಚಿತ, ಹಾಕಿಕೋ. ಆದರೆ ಅದು ತುಂಬಿದ ವಿವರವನ್ನು ಒಮ್ಮೆ ಕಣ್ಣಾಡಿಸು.

ಚಾಟ್‌ಜಿಪಿಟಿ ಕೊಟ್ಟ ರೆಫರೆನ್ಸನ್ನು ಸುಮ್ನೆ ಅಂಟಿಸಬೇಡ. ಲೇಖಕ, ಪತ್ರಿಕೆ, ಡಿಒಐ (ಲೇಖನದ ಕಾಯಂ ಗುರುತಿನ ಲಿಂಕ್) ಎಲ್ಲಾ ಅಚ್ಚುಕಟ್ಟಾಗಿದ್ದು, ಅಂಥ ಲೇಖನವೇ ಇಲ್ಲದಿರಬಹುದು. ಡಿಒಐ ಒತ್ತಿ, ಲೇಖನ ತೆರೆದು, ಓದಿದ ಮೇಲೆ ಸೇರಿಸು. ಅಂಥ ಸಾಧನ ಬಳಸಬಹುದಾ, ಎಷ್ಟರ ಮಟ್ಟಿಗೆ ಅಂತ ನಿನ್ನ ಗೈಡನ್ನು ಮೊದಲೇ ಕೇಳಿಕೋ.

ಎರಡನೇ ಅಧ್ಯಾಯ ಕಳಿಸು, ಮೂಲ ಲೇಖನಗಳನ್ನೂ ಜೊತೆಗೆ. ಪಕ್ಕಪಕ್ಕ ಇಟ್ಟುಕೊಂಡೇ ಓದುತ್ತೇನೆ, ಆಮೇಲೆ ಬೈದೆ ಅನ್ನಬೇಡ.

ನಿನ್ನ,
ಅಕ್ಕ