ವೀಸಾ ಬೇಡದ ಊರಿಗೆ ವೀಸಾ ಸಾಲದೆ ಹೋಗಲಾಗದ ಅಕ್ಕ: ಟ್ರಾವೆಲ್ ಕಂಪನಿಗೆ ಒಂದು ದೂರು

ಇಂದ,
ಮೈಸೂರಿನ ಕುವೆಂಪುನಗರದ ನಿಮ್ಮ ಗ್ರಾಹಕಿ

ಗೆ,
ವ್ಯವಸ್ಥಾಪಕರು,
ನಮ್ಮ ನಾರ್ವೆ ಪ್ರವಾಸ ಬುಕ್ ಮಾಡಿದ ಬೆಂಗಳೂರಿನ ಟ್ರಾವೆಲ್ ಕಂಪನಿ

ವಿಷಯ: 2025ರ ಜುಲೈ ತಿಂಗಳ ಆರ್ಕ್ಟಿಕ್ ಕ್ರೂಸ್‌ಗೆ ನನ್ನ ಅಕ್ಕನಿಗೆ ತಪ್ಪು ವೀಸಾಕ್ಕೆ ಅರ್ಜಿ ಹಾಕಿದ್ದು, ಹಣ ವಾಪಸ್ ಕೋರಿ.

ಮಾನ್ಯರೇ,

ಪ್ರವಾಸ ಮುಗಿಸಿ ಬಂದಮೇಲೆ ನಿಮ್ಮ ಆಫೀಸಿಗೆ ಆರು ಸಲ ಫೋನ್ ಮಾಡಿದ್ದೇನೆ. ಆರು ಸಲವೂ ಬೇರೆ ಬೇರೆಯವರು ಎತ್ತಿದರು. ಆರು ಸಲವೂ ಕಥೆ ಮೊದಲಿಂದ ಹೇಳಬೇಕಾಯಿತು. ನನಗೂ ಬಾಯಿ ನೋವು ಬಂದಿದೆ, ಅದಕ್ಕೆ ಈಗ ಬರೆದೇ ಕಳಿಸುತ್ತಿದ್ದೇನೆ.

ನನ್ನ ಅಕ್ಕನಿಗೆ ಈಗ 68. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವಳು. ಅದರಲ್ಲೂ ಭೂಗೋಳ ಅಂದರೆ ಅವಳಿಗೆ ಪ್ರಾಣ. ಲಾಂಗ್‌ಯಿಯರ್‌ಬಿಯೆನ್ ಅನ್ನೋ ಹೆಸರು ನಮ್ಮ ಮನೆಗೆ ತಂದವಳೇ ಅವಳು. 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ನಾರ್ವೆಗೂ ಉತ್ತರಕ್ಕಿರುವ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿರುವ ಬಂದರು ಊರು. ಸುಮಾರು ಎರಡೂವರೆ ಸಾವಿರ ಜನ. ಏಪ್ರಿಲ್ 20ರ ಸುಮಾರಿಗೆ ಹುಟ್ಟಿದ ಸೂರ್ಯ ಆಗಸ್ಟ್ ಕೊನೆ ವಾರದ ತನಕ ಮುಳುಗುವುದೇ ಇಲ್ಲ. ಅದನ್ನು ಒಂದು ಸಲ ಕಣ್ಣಾರೆ ನೋಡಬೇಕು ಅಂತ ಪೆನ್ಷನ್ ದುಡ್ಡು ಕೂಡಿಟ್ಟಿದ್ದಳು. ನಾನು ಹೊರಟಿದ್ದು ಅವಳಿಗೆ ಜೊತೆಯಾಗಿ, ಅಷ್ಟೇ.

ತಲೆಗೆ 3,85,000 ರೂಪಾಯಿ ತಗೊಂಡಿರಿ. ಅದರ ಮೇಲೆ ವೀಸಾ ಕೆಲಸಕ್ಕೆ ಅಂತ ತಲೆಗೆ 6,500. ಬ್ಯಾಂಕ್ ಸ್ಟೇಟ್‌ಮೆಂಟು, ಪಾಸ್‌ಪೋರ್ಟು, ಫೋಟೋ ಎಲ್ಲ ನಿಮ್ಮ ಹುಡುಗನೇ ಮನೆಗೆ ಬಂದು ಒಯ್ದ. ಫಾರಂ ತುಂಬಿದ್ದೂ ನಿಮ್ಮವರೇ. ನಾವು ತೋರಿಸಿದ ಕಡೆ ಸಹಿ ಹಾಕಿದ್ದೇವೆ. "ಸ್ವಾಲ್‌ಬಾರ್ಡ್‌ಗೆ ವೀಸಾನೇ ಬೇಡ ಮೇಡಂ, ನಾರ್ವೆ ವೀಸಾ ಆದ್ರೆ ಆಯ್ತು" ಅಂದಿದ್ದರು. ಅಕ್ಕನ ಪಾಸ್‌ಪೋರ್ಟ್ ವಾಪಸ್ ಬಂದ ದಿನ ವಾಟ್ಸಾಪ್‌ನಲ್ಲಿ "ವೀಸಾ ಚೆಕ್ ಮಾಡಿದೆ, ಎಲ್ಲ ಓಕೆ" ಅಂತ ಹೆಬ್ಬೆಟ್ಟಿನ ಗುರುತು ಬೇರೆ.

ಆ ಹುಡುಗ ಹೇಳಿದ್ದರಲ್ಲಿ ಅರ್ಧ ನಿಜ. ಸ್ವಾಲ್‌ಬಾರ್ಡ್ ನಾರ್ವೆಗೆ ಸೇರಿದ್ದು. 1920ರ ಒಪ್ಪಂದದ ಪ್ರಕಾರ ಅದರ ಆಡಳಿತ ನಾರ್ವೆಯದು. ಆದರೆ ಅದು ಷೆಂಗೆನ್ ವಲಯದ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ, ಹೊರಗಿದೆ. ಅಲ್ಲಿ ಇರೋದಕ್ಕೆ ಯಾವ ದೇಶದವರಿಗೂ ವೀಸಾ ಬೇಡ, ಸರಿ. ಆದರೆ ನಾರ್ವೆಯ ಮುಖ್ಯಭೂಮಿಯಿಂದ ಅಲ್ಲಿಗೆ ಹೊರಟರೆ ಷೆಂಗೆನ್‌ನಿಂದ ಹೊರಗೆ ಹೋದ ಹಾಗೆ. ವಾಪಸ್ ಬಂದರೆ ಎರಡನೇ ಸಲ ಒಳಗೆ ಬಂದ ಹಾಗೆ. ಹಾಗಾಗಿ ನಮ್ಮಂಥವರ ವೀಸಾದಲ್ಲಿ ಕನಿಷ್ಠ ಎರಡು ಪ್ರವೇಶ ಇರಲೇಬೇಕು. ಇದೇನೂ ಗುಟ್ಟಲ್ಲ. ನಾನು ಹಡಗಿನ ವೈಫೈನಲ್ಲಿ ಹುಡುಕಿದಾಗ ಹತ್ತು ನಿಮಿಷದಲ್ಲಿ ಸಿಕ್ಕಿತು.

ನಾನು ಮಗನ ಮನೆಗೆ ಅಂತ ಎರಡು ಸಲ ಜರ್ಮನಿಗೆ ಹೋಗಿ ಬಂದವಳು. ನನ್ನ ವೀಸಾದಲ್ಲಿ 'ಮಲ್ಟ್' ಅಂತ ಬಂದಿತ್ತು, ಅಂದರೆ ಹಲವು ಸಲ ಒಳಗೆ ಬರಬಹುದು. ಅಕ್ಕನದರಲ್ಲಿ '01', ಅಂದರೆ ಒಂದೇ ಸಲ. ಎಷ್ಟು ಪ್ರವೇಶ ಬೇಕು ಅಂತ ಫಾರಂನಲ್ಲಿ ಕೇಳುವ ಕಡೆ ನಿಮ್ಮವರು 'ಒಂದು' ಅಂತಲೇ ಟಿಕ್ ಮಾಡಿದ್ದಾರೆ. ಕೇಳದೇ ಇದ್ದದ್ದನ್ನು ಯಾರು ಕೊಡ್ತಾರೆ?

ಬರ್ಗನ್‌ನಲ್ಲಿ ಹಡಗು ಹತ್ತುವಾಗ ಕೌಂಟರಿನ ಹುಡುಗಿ ಅಕ್ಕನ ಪಾಸ್‌ಪೋರ್ಟಿನ ಆ ಪುಟವನ್ನು ತಿರುವಿ ಮುರುವಿ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು: ನಾರ್ವೆಯ ಮುಖ್ಯಭೂಮಿಯಲ್ಲೇ ಇರುವ ಟ್ರೊಮ್ಸೊ ತನಕ ಬರಬಹುದು, ಅಲ್ಲಿ ಇಳಿಯಲೇಬೇಕು, ಹಡಗು ಐದು ದಿನ ಬಿಟ್ಟು ವಾಪಸ್ ಬಂದಾಗ ಮತ್ತೆ ಹತ್ತಬಹುದು. ನಿಮ್ಮ 24 ಗಂಟೆಯ ಸಹಾಯವಾಣಿಗೆ ಅಲ್ಲಿಂದಲೇ ಫೋನ್ ಮಾಡಿದೆ. ನಮ್ಮಲ್ಲಿ ಆಗ ರಾತ್ರಿ ಎಂಟೂವರೆ. "ಬೆಳಿಗ್ಗೆ ಟೀಮ್ ಬರುತ್ತೆ ಮೇಡಂ" ಅಂದರು. ಟೀಮ್ ಬೆಳಿಗ್ಗೆ ಬಂತೋ ಇಲ್ಲವೋ, ನನಗಂತೂ ಫೋನ್ ಬರಲಿಲ್ಲ.

ಟ್ರೊಮ್ಸೊದಲ್ಲಿ ನಾನೂ ಇಳಿದುಬಿಡ್ತೀನಿ ಅಂದೆ. ಅಕ್ಕ ಒಪ್ಪಲಿಲ್ಲ. "ಇಬ್ಬರ ದುಡ್ಡೂ ಯಾಕೆ ನೀರಿಗೆ ಹಾಕ್ತೀಯ? ಹೋಗು ಕಣೇ. ಹೋಗಿ ನನಗೆ ಎಲ್ಲಾನೂ ಸರಿಯಾಗಿ ನೋಡ್ಕೊಂಡು ಬಾ" ಅಂದಳು. ಚಪಾತಿ, ಚಟ್ನಿಪುಡಿ ಇದ್ದ ಬ್ಯಾಗನ್ನು ಅವಳ ಕೈಗೆ ಕೊಟ್ಟೆ. ಬಂದರಿನಲ್ಲಿ ಮಂಕಿ ಕ್ಯಾಪ್ ಹಾಕ್ಕೊಂಡು ನಿಂತು ಕೈ ಬೀಸಿದಳು. ಹೋಟೆಲ್ ನಾವೇ ಹುಡುಕಿದ್ದು, ದುಡ್ಡೂ ನಾವೇ ಕಟ್ಟಿದ್ದು.

ಲಾಂಗ್‌ಯಿಯರ್‌ಬಿಯೆನ್ ಊರಿನ ಬಗ್ಗೆ ನನ್ನ ದೂರು ಒಂದೂ ಇಲ್ಲ, ಅದನ್ನೂ ಬರೆದುಬಿಡ್ತೀನಿ. 1906ರಲ್ಲಿ ಅಮೆರಿಕದ ಲಾಂಗ್‌ಯಿಯರ್ ಅನ್ನುವವರು ಕಲ್ಲಿದ್ದಲಿಗಾಗಿ ಕಟ್ಟಿದ ಊರು. ಮಣ್ಣು ಒಳಗೆಲ್ಲ ಹೆಪ್ಪುಗಟ್ಟಿರುವುದರಿಂದ ಮನೆಗಳು ಕಂಬದ ಮೇಲೆ ನಿಂತಿವೆ. ನೀರಿನ ಪೈಪುಗಳೂ ನೆಲದ ಮೇಲೆಯೇ ಓಡುತ್ತವೆ. ಅಕ್ಕ ವರ್ಷಾನುಗಟ್ಟಲೆ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದ್ದು ಇದನ್ನೇ. ಮ್ಯೂಸಿಯಂ ಬಾಗಿಲಲ್ಲಿ ಎಲ್ಲರೂ ಶೂ ಬಿಚ್ಚಬೇಕು. ಗಣಿಯಿಂದ ಬಂದವರ ಕಾಲಲ್ಲಿ ಕಲ್ಲಿದ್ದಲ ಪುಡಿ ಮನೆಯೊಳಗೆ ಬರಬಾರದು ಅಂತ ಶುರುವಾದ ಪದ್ಧತಿಯಂತೆ. ನಮಗೇನು ಹೊಸದಲ್ಲ ಬಿಡಿ. ಜೊತೆಯಲ್ಲಿದ್ದ ಪರದೇಶದವರು ಒಂಟಿಕಾಲಲ್ಲಿ ಕುಣಿದಾಡುತ್ತಿದ್ದರೆ ನಾನು ಎಂದಿನ ಹಾಗೆ ಚಪ್ಪಲಿ ಬಿಟ್ಟಂತೆ ಬಿಟ್ಟು ಒಳಗೆ ಹೋದೆ.

ಮಧ್ಯಾಹ್ನ ಅಕ್ಕ ವಿಡಿಯೋ ಕಾಲ್‌ನಲ್ಲಿ ಬಂದಳು. "ಮರ ಇದೆಯಾ?" ಅಂತ ಕೇಳಿದಳು. ಇಲ್ಲ ಅಂದೆ. "ಕೆಳಗೆ ನೋಡು" ಅಂದಳು. ಬಗ್ಗಿ ನೋಡಿದರೆ ನೆಲಕ್ಕೆ ಅಂಟಿಕೊಂಡು ಬೆರಳಿಗಿಂತ ಚಿಕ್ಕ ಗಿಡ, ಕಿವಿಯೋಲೆಯಷ್ಟು ದುಂಡನೆ ಎಲೆ. ಪೋಲಾರ್ ವಿಲೋ. ಅಲ್ಲಿನ ಕಾಡು ಅದೇ. ಸುಮಾರು ಆರುನೂರು ಮೈಲಿ ದೂರದ ಹೋಟೆಲ್ ರೂಮಲ್ಲಿ ಕೂತು ಅವಳು ನನಗೆ ಪಾಠ ಮಾಡಿದಳು. ಅಷ್ಟರಲ್ಲಿ ಕೆಂಪು ಕೊಕ್ಕಿನ ಟರ್ನ್ ಹಕ್ಕಿಯೊಂದು ನನ್ನ ತಲೆಗೇ ಕುಕ್ಕಲು ಬಂತು, ಫೋನ್ ಕೈಯಿಂದ ಬಿತ್ತು. ಹತ್ತಿರದಲ್ಲೆಲ್ಲೋ ಅದರ ಗೂಡಿತ್ತು ಅಂತ ಕಾಣುತ್ತೆ.

ಇನ್ನು ನಿಮ್ಮ ಕಾರ್ಯಕ್ರಮ ಪಟ್ಟಿ. 'ಜಾಗತಿಕ ಬೀಜ ಭಂಡಾರದ ಒಳಗೆ ಭೇಟಿ' ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ. 2008ರಲ್ಲಿ ಶುರುವಾದ ಆ ಭಂಡಾರದ ಒಳಗೆ ಪ್ರವಾಸಿಗಳನ್ನು ಬಿಡುವುದೇ ಇಲ್ಲ. ಒಳಗೆ ಮೈನಸ್ 18 ಡಿಗ್ರಿಯಲ್ಲಿ ದೇಶ ದೇಶಗಳ ಬೀಜ ಇಟ್ಟಿದ್ದಾರೆ. ಹೈದರಾಬಾದ್ ಹತ್ತಿರದ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಕಳಿಸಿದ ಜೋಳ, ಕಡಲೆ, ತೊಗರಿಯೂ ಅಲ್ಲಿದೆ. ಬೆಟ್ಟದಿಂದ ಹೊರಗೆ ಚಾಚಿದ ಕಾಂಕ್ರೀಟ್ ಬಾಗಿಲ ಮುಂದೆ ಹದಿನೈದು ನಿಮಿಷ ಬಸ್ ನಿಲ್ಲಿಸಿದರು, ಫೋಟೋ ತೆಗೆದುಕೊಂಡೆವು. 'ಹಿಮಕರಡಿ ದರ್ಶನ ಖಚಿತ' ಅಂತಲೂ ಇದೆ. ಕರಡಿ ನೋಡಿದ್ದು ಎರಡು: ಒಂದು ರಸ್ತೆ ಬದಿಯ ಎಚ್ಚರಿಕೆ ಫಲಕದಲ್ಲಿ, ಇನ್ನೊಂದು ಮ್ಯೂಸಿಯಂನಲ್ಲಿ ಹುಲ್ಲು ತುಂಬಿ ನಿಲ್ಲಿಸಿದ್ದು. 2025ರಿಂದ ಅಲ್ಲಿ ಕರಡಿಗೆ 300 ಮೀಟರ್‌ಗಿಂತ ಹತ್ತಿರ ಹೋಗುವಂತಿಲ್ಲ, ಮಾರ್ಚ್‌ನಿಂದ ಜೂನ್ ತನಕ 500 ಮೀಟರ್. ಕಾಡುಪ್ರಾಣಿ ಕಾಣಲಿಲ್ಲ ಅಂತ ನಾನು ಜಗಳ ಆಡೋದಿಲ್ಲ. ನಾಗರಹೊಳೆಗೆ ಹೋದರೂ ಹುಲಿ ಕಾಣೋದು ಅದೃಷ್ಟ. ಆದರೆ 'ಖಚಿತ' ಅಂತ ಬರೆದವರು ನೀವು.

ನಿಮ್ಮ ಕೊನೆಯ ಉತ್ತರ ಹೀಗಿತ್ತು: "ವೀಸಾ ಪ್ರಯಾಣಿಕರ ಜವಾಬ್ದಾರಿ, ಷರತ್ತುಗಳಲ್ಲಿ ಬರೆದಿದೆ ಮೇಡಂ." ಬರೆದಿದೆ, ನಾನೂ ಕನ್ನಡಕ ಹಾಕ್ಕೊಂಡು ಓದಿದೆ. ಹಾಗಿದ್ದರೆ 6,500 ತಗೊಂಡದ್ದು ಯಾವ ಕೆಲಸಕ್ಕೆ? ವೀಸಾ ಕೊಡೋದು ಬಿಡೋದು ನಿಮ್ಮ ಕೈಲಿಲ್ಲ, ಒಪ್ಪುತ್ತೇನೆ. ಫಾರಂನಲ್ಲಿ ಸರಿಯಾಗಿ ಟಿಕ್ ಮಾಡೋದು ನಿಮ್ಮ ಕೈಲೇ ಇತ್ತು.

ಅಕ್ಕ ಹಡಗಿನಲ್ಲಿ ಇರದ ಐದು ದಿನಗಳ ಹಣ, ಟ್ರೊಮ್ಸೊದ ಐದು ರಾತ್ರಿಯ ಹೋಟೆಲ್ ಬಿಲ್ಲು, ಅವಳ ವೀಸಾ ಸೇವಾ ಶುಲ್ಕ, ಇಷ್ಟನ್ನು ಪತ್ರ ತಲುಪಿದ 30 ದಿನದೊಳಗೆ ವಾಪಸ್ ಕೊಡಿ. ಮುಂದಿನ ಸೀಸನ್‌ಗೆ ಬುಕಿಂಗ್ ಶುರುವಾಗಿದೆ ಅಂತ ನಿಮ್ಮ ಮೆಸೇಜ್ ನನಗೇ ಬಂದಿದೆ. ಅದರಲ್ಲೂ ಅದೇ ಬೀಜ ಭಂಡಾರ, ಅದೇ ಕರಡಿ. ಮೊದಲು ಅದನ್ನು ತೆಗೆಯಿರಿ, ಎರಡು ಪ್ರವೇಶದ ವೀಸಾ ಬೇಕು ಅನ್ನೋದನ್ನ ಆ ದಪ್ಪ ಅಕ್ಷರದಲ್ಲಿ ಹಾಕಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸುತ್ತೇನೆ, ಆಮೇಲೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವಿರುವ ಊರಲ್ಲೇ ಕೇಸು ಹಾಕಬಹುದು, ಬೆಂಗಳೂರಿಗೆ ಓಡಾಡಬೇಕಿಲ್ಲ.

ಚೆಕ್ ಅಕ್ಕನ ಹೆಸರಿಗೆ ಇರಲಿ, ನನ್ನ ಹೆಸರಿಗೆ ಬೇಡ.

ಇಂತಿ,
ನಿಮ್ಮ ಗ್ರಾಹಕಿ

ಲಗತ್ತು: ಇಬ್ಬರ ವೀಸಾ ಪುಟಗಳು, ನಿಮ್ಮವರು ತುಂಬಿದ ಫಾರಂ, ವಾಟ್ಸಾಪ್ ಮೆಸೇಜು, ಕಾರ್ಯಕ್ರಮ ಪಟ್ಟಿ, ಹೋಟೆಲ್ ಬಿಲ್ಲು.