ಭಾನುವಾರದ ಚರ್ಚೆಗೆ: ರಿಂಗ್ ಆಫ್ ಆನರ್‌ನ ಮೊದಲ ಪ್ರದರ್ಶನ

ಸದಸ್ಯರೆಲ್ಲರಿಗೂ ನಮಸ್ಕಾರ.

ಈ ಭಾನುವಾರದ ಚರ್ಚೆಗೆ ಅಮೆರಿಕದ ವೃತ್ತಿಪರ ಕುಸ್ತಿ (ಪ್ರೊ ರೆಸ್ಲಿಂಗ್) ಸಂಸ್ಥೆಯಾದ ರಿಂಗ್ ಆಫ್ ಆನರ್ 2002ರ ಫೆಬ್ರವರಿ 23ರಂದು ಫಿಲಡೆಲ್ಫಿಯಾದ ಮರ್ಫಿ ರಿಕ್ರಿಯೇಷನ್ ಸೆಂಟರ್‌ನಲ್ಲಿ ನಡೆಸಿದ ಮೊತ್ತಮೊದಲ ಪ್ರದರ್ಶನವನ್ನು ಆಯ್ದುಕೊಳ್ಳಲಾಗಿದೆ. ಅದೇ ಊರಿನಲ್ಲಿ ಹೆಸರು ಮಾಡಿದ್ದ ಇಸಿಡಬ್ಲ್ಯು ಎಂಬ ಇನ್ನೊಂದು ಕುಸ್ತಿ ಸಂಸ್ಥೆ ಹಿಂದಿನ ವರ್ಷ ಮುಚ್ಚಿಹೋಗಿ, ಅದರ ಕ್ಯಾಸೆಟ್‌ಗಳನ್ನು ಮಾರುತ್ತಿದ್ದ ವಿಡಿಯೊ ವ್ಯಾಪಾರಕ್ಕೆ ಹೊಸ ಸರಕು ಬೇಕಾಗಿದ್ದಾಗ ಹುಟ್ಟಿದ ಸಂಸ್ಥೆಯಿದು.

ಎಲ್ಲ ಪಂದ್ಯಗಳನ್ನೂ ನೋಡಲು ಬಿಡುವಿಲ್ಲದವರು ಕೊನೆಯದನ್ನಾದರೂ ತಪ್ಪದೆ ನೋಡಿಕೊಂಡು ಬರಬೇಕಾಗಿ ಕೋರಿಕೆ. ಲೋ ಕೀ, ಕ್ರಿಸ್ಟೋಫರ್ ಡೇನಿಯಲ್ಸ್ ಮತ್ತು ಬ್ರಯಾನ್ ಡೇನಿಯಲ್ಸನ್ ಮೂವರೂ ಏಕಕಾಲಕ್ಕೆ ಸೆಣಸುವ ಈ ಪಂದ್ಯದಲ್ಲಿ ಲೋ ಕೀ ಗೆಲ್ಲುತ್ತಾರೆ. ಆದರೆ ಪಂದ್ಯಕ್ಕೆ ಮುನ್ನ ಮತ್ತು ಅನಂತರ ಎದುರಾಳಿಯ ಕೈ ಕುಲುಕಬೇಕೆಂಬ ಸಂಸ್ಥೆಯ ನಿಯಮವನ್ನು ಡೇನಿಯಲ್ಸ್ ಧಿಕ್ಕರಿಸುವುದೇ ನನ್ನ ದೃಷ್ಟಿಯಲ್ಲಿ ಆ ರಾತ್ರಿಯ ನಿಜವಾದ ಕಥೆ. ಬೈಗುಳವಿಲ್ಲದೆ, ಕುರ್ಚಿಯೇಟಿಲ್ಲದೆ, ಬರಿಯ ಕೈಯೊಂದನ್ನು ಹಿಂದೆಗೆದುಕೊಂಡು ಖಳನಾಗುವ ಬಗೆಯದು. ಎಡ್ಡಿ ಗೆರೇರೊ ಮತ್ತು ಸೂಪರ್ ಕ್ರೇಜಿಯ ಪಂದ್ಯವೂ ಚೆನ್ನಾಗಿದೆ.

ಫಲಿತಾಂಶ ಮೊದಲೇ ನಿಶ್ಚಯವಾಗಿರುವ ಆಟವಾದ್ದರಿಂದ, ಗರಡಿಯ ಕುಸ್ತಿಯನ್ನು ಅಳೆಯುವಂತೆ ‘ಯಾರು ಬಲಶಾಲಿ’ ಎಂದು ವಾದಿಸದೆ, ಪಂದ್ಯವನ್ನು ಹೇಗೆ ಕಟ್ಟಿದ್ದಾರೆ ಎಂಬುದರ ಮೇಲೆ ಮಾತನಾಡೋಣ. ಮುಂದೆ ಡಬ್ಲ್ಯುಡಬ್ಲ್ಯುಇ ಕುಸ್ತಿ ಸಂಸ್ಥೆಯ ವಾರ್ಷಿಕ ಮಹಾಪ್ರದರ್ಶನವಾದ ರೆಸಲ್‌ಮೇನಿಯಾದಲ್ಲಿ, 2014ರಲ್ಲಿ, ಡೇನಿಯಲ್ ಬ್ರಯಾನ್ ಎಂಬ ಹೆಸರಿನಲ್ಲಿ ಪಟ್ಟ ಗೆದ್ದವರು ಇದೇ ಡೇನಿಯಲ್ಸನ್ ಎಂಬುದನ್ನು ನೆನಪಿಟ್ಟುಕೊಂಡು ನೋಡಿದರೆ ಇನ್ನಷ್ಟು ರುಚಿಸುತ್ತದೆ.