ಒಪ್ಪಿಕೊಂಡ ದರಕ್ಕೂ ಕತ್ತರಿ ಹಾಕಿದರೆ ಹೇಗೆ?

ಇವರಿಂದ:
ಬಿಲ್ಲಿಂಗ್ ವಿಭಾಗ, ಖಾಸಗಿ ನರ್ಸಿಂಗ್ ಹೋಂ,
ವಿರಾಜಪೇಟೆ ತಾಲ್ಲೂಕು, ಕೊಡಗು

ಇವರಿಗೆ:
ವ್ಯವಸ್ಥಾಪಕರು, ಕ್ಲೈಮ್ ಪರಿಶೀಲನಾ ವಿಭಾಗ

ವಿಷಯ: ಸರ್ಕಾರಿ ಆರೋಗ್ಯ ಯೋಜನೆಯ ಕ್ಲೈಮ್‌ಗಳಲ್ಲಿ ಸರಿಯಾದ ಕಾರಣ ಕೊಡದೆ ಹಣ ಕಡಿತ ಮಾಡುತ್ತಿರುವುದು

ಮಾನ್ಯರೇ,

ನಮ್ಮದು ಸಣ್ಣ ಆಸ್ಪತ್ರೆ. ಬರುವವರಲ್ಲಿ ಜಾಸ್ತಿ ಜನ ತೋಟದ ಕೆಲಸದವರು, ತೋಟದ ಲೈನ್ ಮನೆಗಳಲ್ಲಿ (ಕಾರ್ಮಿಕರ ಸಾಲುಮನೆಗಳಲ್ಲಿ) ಇರುವವರು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಯೋಜನೆಯಡಿ ದಾಖಲಾದ ಮೇಲೆ ಅವರ ಕೈಯಿಂದ ನಾವು ಒಂದು ರೂಪಾಯಿ ಕೇಳುವ ಹಾಗಿಲ್ಲ. ಕೇಳುವ ಮನಸ್ಸೂ ನಮಗಿಲ್ಲ. ಆದರೆ ನಾವು ಕ್ಲೈಮ್ ಹಾಕಿ ಕೇಳುವ ಆ ಚಿಕಿತ್ಸೆಯ ಹಣ ನಿಮ್ಮ ಟೇಬಲ್ ದಾಟಿ ನಮಗೆ ಬರಬೇಕಲ್ವಾ? ಅದು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಾ ಬರುತ್ತಿದೆ.

ಪ್ಯಾಕೇಜ್ ದರವೇ (ಒಂದೊಂದು ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ಮೊತ್ತ) ಕಡಿಮೆ ಎಂಬ ದೂರು ಬೇರೆ ಇದೆ. ಔಷಧಿ, ನರ್ಸ್‌ಗಳ ಸಂಬಳ, ಜನರೇಟರ್‌ನ ಡೀಸೆಲ್ ಎಲ್ಲದಕ್ಕೂ ಖರ್ಚು ಏರಿದೆ, ಪ್ಯಾಕೇಜ್ ಅದಕ್ಕೆ ತಕ್ಕ ಹಾಗೆ ಏರಿಲ್ಲ. ಅದನ್ನು ಸರ್ಕಾರದ ಹತ್ತಿರ ಕೇಳಿಕೊಳ್ಳುತ್ತೇವೆ. ಈ ಪತ್ರ ಬರೆಯುತ್ತಿರುವುದು ಸರ್ಕಾರ ಒಪ್ಪಿದ ದರದಲ್ಲೂ ನೀವು ಕತ್ತರಿ ಹಾಕುತ್ತಿರುವುದಕ್ಕೆ.

ಒಂದು ಫೈಲ್ ಬಗ್ಗೆ ಹೇಳುತ್ತೇನೆ. ಕರಿಮೆಣಸು ಕೊಯ್ಲಿನ ಸಮಯ. ಸಿಲ್ವರ್ ಓಕ್ ಮರಕ್ಕೆ ಆನಿಸಿದ ಏಣಿ ಜಾರಿ ಒಬ್ಬ ಕಾರ್ಮಿಕ ಬಿದ್ದ. ತೊಡೆಯ ಮೂಳೆ ಮುರಿದಿತ್ತು. ತೋಟದ ಜೀಪಿನಲ್ಲೇ ಮಲಗಿಸಿಕೊಂಡು ಬಂದರು. ತುರ್ತು ಕೇಸ್ ಎಂದು ಪ್ರೀ-ಆಥ್ (ಚಿಕಿತ್ಸೆಗೆ ಮುಂಗಡ ಒಪ್ಪಿಗೆ ಕೋರಿಕೆ) ಹಾಕಿದೆವು, ನೀವು ಒಪ್ಪಿಗೆಯನ್ನೂ ಕೊಟ್ಟಿರಿ. ಆಪರೇಷನ್ ಆಯಿತು. ಪ್ಲೇಟು, ಸ್ಕ್ರೂಗಳ ಸ್ಟಿಕ್ಕರನ್ನು ಕೇಸ್ ಶೀಟಿಗೆ ಅಂಟಿಸಿ, ಮುಂಚಿನ ಮತ್ತು ನಂತರದ ಎಕ್ಸ್-ರೇ ಜೊತೆ ಪೋರ್ಟಲ್‌ಗೆ ಹಾಕಿದೆವು. ಆಮೇಲೆ ನಿಮ್ಮ ಕ್ವೆರಿ (ವಿವರಣೆ ಕೇಳುವ ಪ್ರಶ್ನೆ) ಬಂತು: ರೆಫರಲ್ ಲೆಟರ್ ಎಲ್ಲಿ? ತುರ್ತು ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಿಲ್ಲ ಎಂಬುದು ಯೋಜನೆಯದೇ ನಿಯಮ. ಹಾಗೆಂದು ಉತ್ತರ ಬರೆದೆವು. ಮುಂದಿನ ಕ್ವೆರಿ: ಎಕ್ಸ್-ರೇ ಸ್ಪಷ್ಟವಾಗಿಲ್ಲ. ಅದನ್ನೂ ಮತ್ತೆ ಕಳಿಸಿದೆವು. ಕೊನೆಗೆ ಪ್ಯಾಕೇಜಿನಲ್ಲಿ ಸುಮಾರು ಐದನೇ ಒಂದು ಭಾಗ ಕಡಿತ ಮಾಡಿ ಹಣ ಹಾಕಿದ್ದೀರಿ. ಕಾರಣದ ಜಾಗದಲ್ಲಿ ‘ಇತರೆ’ ಎಂದಿದೆ.

‘ಇತರೆ’ ಎಂಬುದಕ್ಕೆ ನಾವು ಏನು ಉತ್ತರ ಕೊಡಬೇಕು? ಪ್ಲೇಟು ಸರಬರಾಜು ಮಾಡುವವರಿಗೆ ‘ಇತರೆ’ ಎಂದು ಹೇಳಿ ಬಿಲ್ ಕಡಿಮೆ ಕೊಡಲು ಆಗುತ್ತದೆಯೇ?

ಇನ್ನು ಮಳೆಗಾಲದ ವಿಷಯ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಕೊಡಗಿನಲ್ಲಿ ಮರ ಬಿದ್ದು ವಿದ್ಯುತ್ ಲೈನ್ ತುಂಡಾಗುವುದು ಹೊಸದೇನಲ್ಲ. ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರ್‌ನ ಬ್ಯಾಟರಿಯೂ ಮುಗಿದು ನೆಟ್‌ವರ್ಕ್ ಹೋಗುತ್ತದೆ. ಆಪರೇಷನ್ ಥಿಯೇಟರನ್ನು ಜನರೇಟರ್‌ನಲ್ಲಿ ನಡೆಸಬಹುದು, ಪೋರ್ಟಲನ್ನು ಅಲ್ಲ. ಅಂಥ ಒಂದು ಶನಿವಾರ ಸಂಜೆ ನಿಮ್ಮ ಕ್ವೆರಿಗಳು ಬಂದಿವೆ. ನೆಟ್ ಬಂದು ನಾವು ನೋಡುವಷ್ಟರಲ್ಲಿ ‘ಗಡುವಿನೊಳಗೆ ಉತ್ತರ ಇಲ್ಲ’ ಎಂದು ಆ ಕ್ಲೈಮ್‌ಗಳನ್ನು ಪೂರ್ತಿ ತಿರಸ್ಕರಿಸಿದ್ದೀರಿ. ರೋಗಿಗಳು ಗುಣವಾಗಿ ಮನೆಗೆ ಹೋಗಿಯಾಗಿದೆ. ಚಿಕಿತ್ಸೆ ಆಗಿಲ್ಲ ಎಂದು ನೀವೂ ಹೇಳುತ್ತಿಲ್ಲ. ಹಣ ಮಾತ್ರ ಇಲ್ಲ.

ಗಡುವು ನಮಗೆ ಮಾತ್ರ ಇರುವುದೇ? ಆಯುಷ್ಮಾನ್ ಭಾರತ್ ಮಾರ್ಗಸೂಚಿಯಲ್ಲಿ ಕ್ಲೈಮ್ ಇತ್ಯರ್ಥಕ್ಕೆ ರಾಜ್ಯದೊಳಗಿನವರದ್ದಾದರೆ 15 ದಿನ, ಹೊರರಾಜ್ಯದವರದ್ದಾದರೆ 30 ದಿನ ಎಂದಿದೆ. ತೋಟಗಳಲ್ಲಿ ಈಗ ಅಸ್ಸಾಂ ಕಡೆಯಿಂದ ಬಂದ ಕಾರ್ಮಿಕರು ತುಂಬಾ ಇದ್ದಾರೆ. ಅವರ ಫೈಲ್‌ಗಳಂತೂ ಯಾರ ಟೇಬಲ್ ಮೇಲಿವೆ ಎಂದು ನಿಮ್ಮ ಸಹಾಯವಾಣಿಯವರಿಗೂ ಗೊತ್ತಿಲ್ಲ. ಫೋನ್ ಮಾಡಿದರೆ ‘ಪ್ರೊಸೆಸ್‌ನಲ್ಲಿದೆ ಸರ್’ ಎನ್ನುತ್ತಾರೆ. ಪಾಪ, ಅವರನ್ನು ಬೈದು ಏನು ಪ್ರಯೋಜನ.

ಇದರ ಪೆಟ್ಟು ಬೀಳುವುದು ರೋಗಿಗೆ. ಹೊರಗಿನಿಂದ ಬಂದು ಆಪರೇಷನ್ ಮಾಡುವ ಮೂಳೆ ಡಾಕ್ಟರು ‘ಕಾರ್ಡ್ ಕೇಸ್ (ಈ ಯೋಜನೆಯ ರೋಗಿಗಳು) ಬೇಡ’ ಎನ್ನಲು ಶುರು ಮಾಡಿದ್ದಾರೆ. ಅವರ ಫೀಸೇ ಬಾಕಿ ಇರುವಾಗ ಒತ್ತಾಯ ಮಾಡಲು ನಮಗೂ ಮುಖವಿಲ್ಲ. ಮಡಿಕೇರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದಿದ್ದರೆ ಮುಂದೆ ಮೈಸೂರು. ಇಲ್ಲಿಂದ ಸುಮಾರು ನೂರು ಕಿಲೋಮೀಟರ್, ಅದೂ ಮುರಿದ ಕಾಲು ಇಟ್ಟುಕೊಂಡು. ಜಿಲ್ಲೆಯಲ್ಲಿ ರೈಲು ಇಲ್ಲ ಎಂಬುದು ನಿಮಗೂ ಗೊತ್ತಿರಬೇಕು. ಜೊತೆಗೆ ಹೋಗುವವರ ದಿನಗೂಲಿಯೂ ಹೋಗುತ್ತದೆ.

ಆದ್ದರಿಂದ ಮೊದಲು ‘ಇತರೆ’ ಎಂದು ಕಡಿತ ಮಾಡಿದ ಪ್ರತಿ ಫೈಲ್‌ಗೂ ಯಾವ ನಿಯಮದಡಿ, ಎಷ್ಟು ಎಂದು ಬರೆದು ಕೊಡಿ. ಕೊಡಲು ಆಗದಿದ್ದರೆ ಕಡಿತದ ಹಣ ವಾಪಸ್ ಹಾಕಿ. ಮಳೆಯಲ್ಲಿ ಗಡುವು ಮೀರಿತೆಂದು ಮುಚ್ಚಿದ ಕ್ಲೈಮ್‌ಗಳನ್ನು ಮತ್ತೆ ತೆರೆಯಿರಿ. ಆ ದಿನಗಳಲ್ಲಿ ಕರೆಂಟ್ ಇರಲಿಲ್ಲ ಎಂಬುದಕ್ಕೆ ವಿದ್ಯುತ್ ಕಚೇರಿಯ ಪತ್ರ ಇಟ್ಟಿದ್ದೇವೆ. ಪ್ರೀ-ಆಥ್ ಸಮಯದಲ್ಲಿ ಕೇಳದ ದಾಖಲೆಯನ್ನು ಡಿಸ್ಚಾರ್ಜ್ ಆದ ಮೇಲೆ ಕೇಳಬೇಡಿ. ರೋಗಿ ಊರು ಬಿಟ್ಟ ಮೇಲೆ ಅವನ ಫೋಟೋ ಎಲ್ಲಿಂದ ತರೋಣ?

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಕುಂದುಕೊರತೆ ಸಮಿತಿಗೂ ಇದರ ಪ್ರತಿ ಕೊಡುತ್ತಿದ್ದೇವೆ. 15 ದಿನದೊಳಗೆ ಲಿಖಿತ ಉತ್ತರ ಬೇಕು. ‘ಪ್ರೊಸೆಸ್‌ನಲ್ಲಿದೆ’ ಎಂಬ ಎಸ್‌ಎಂಎಸ್ ಬೇಡ.

ಇಂತಿ,
ಬಿಲ್ಲಿಂಗ್ ವಿಭಾಗದ ಪರವಾಗಿ

ಲಗತ್ತು: ಕಡಿತವಾದ ಕ್ಲೈಮ್‌ಗಳ ಪಟ್ಟಿ, ಕ್ವೆರಿ ಮತ್ತು ಉತ್ತರಗಳ ಪ್ರಿಂಟ್, ಇಂಪ್ಲಾಂಟ್ ಬಿಲ್ಲುಗಳು, ವಿದ್ಯುತ್ ಕಚೇರಿಯ ಪತ್ರ